ಇದ್ದ ಮಾತ್ರಕ್ಕೆ ಕಾರಣವೇ?

ಇಲಿಗಳಲ್ಲಿ ಸ್ತನ ಕ್ಯಾನ್ಸರ್ ತರುವ ವೈರಸ್ಸಿನ ಸುಳಿವು ಸಿಕ್ಕಿ ಒಂಬತ್ತು ದಶಕಗಳಾಗುತ್ತಿವೆ. ಮನುಷ್ಯರಲ್ಲೂ ಅಂಥದ್ದೊಂದು ಇದೆಯೇ? ಮುಂಬೈಯಿಂದ ನ್ಯೂಯಾರ್ಕ್‌ವರೆಗೆ ನಡೆದ ಹುಡುಕಾಟ ನಮಗೆ ಹೇಳುವುದೇನು?

ಇಲಿಗಳಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಕೆಲವು ತಳಿಗಳಲ್ಲಂತೂ ತಾಯಿಗೆ ಬಂದದ್ದು ಮಗಳಿಗೂ ಮೊಮ್ಮಗಳಿಗೂ ಬರುತ್ತಲೇ ಹೋಗುತ್ತದೆ. 1930ರ ದಶಕದ ಆರಂಭದಲ್ಲಿ, ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಕಡಲತೀರದ ಊರಿನಲ್ಲಿ, ಜಾಕ್ಸನ್ ಪ್ರಯೋಗಾಲಯದ ವಿಜ್ಞಾನಿಗಳು ಇಂಥ ತಳಿಗಳನ್ನು ಸಾಕಿಕೊಂಡು ರೋಗ ಹೇಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ ಎಂದು ನೋಡುತ್ತಿದ್ದರು. ಎಲ್ಲವೂ ವಂಶವಾಹಿಗಳಲ್ಲೇ ಇದೆ ಎಂಬುದು ಅವರ ಎಣಿಕೆ. ಆದರೆ ಒಂದು ಲೆಕ್ಕ ತಾಳೆಯಾಗಲಿಲ್ಲ. ಕ್ಯಾನ್ಸರ್ ಹೆಚ್ಚಿರುವ ತಳಿಯ ಹೆಣ್ಣನ್ನು ಕ್ಯಾನ್ಸರ್ ಅಪರೂಪವಾದ ತಳಿಯ ಗಂಡಿನೊಂದಿಗೆ ಕೂಡಿಸಿದರೆ, ಹುಟ್ಟಿದ ಹೆಣ್ಣುಮರಿಗಳಲ್ಲಿ ಗೆಡ್ಡೆ ಸಾಮಾನ್ಯ. ಅದನ್ನೇ ಅದಲುಬದಲು ಮಾಡಿ, ರೋಗದ ತಳಿಯಿಂದ ಗಂಡನ್ನು ಆರಿಸಿದರೆ ಗೆಡ್ಡೆ ವಿರಳ. ಎರಡೂ ಜೋಡಿಯ ಮರಿಗಳಿಗೆ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ವಂಶವಾಹಿ ಸಿಕ್ಕಿರುತ್ತದೆ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ವಂಶವಾಹಿಯಲ್ಲದ ಇನ್ನೇನೋ ಒಂದು ತಾಯಿಯ ಕಡೆಯಿಂದ ಮಾತ್ರ ದಾಟುತ್ತಿದೆ ಎಂದು ಪ್ರಯೋಗಾಲಯದವರು 1933ರಲ್ಲಿ ಪ್ರಕಟಿಸಿದರು.

ಅದು ಯಾವ ದಾರಿಯಲ್ಲಿ ದಾಟುತ್ತಿದೆ ಎಂದು ತಿಳಿಯಲು ಅಲ್ಲಿನ ಜಾನ್ ಬಿಟ್ನರ್ ಹೂಡಿದ ಪ್ರಯೋಗ ತೀರಾ ಸರಳ. ರೋಗದ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ, ಆರೋಗ್ಯವಂತ ತಳಿಯ ಸಾಕುತಾಯಿಯ ಹತ್ತಿರ ಹಾಲಿಗೆ ಬಿಟ್ಟರು. ಮರಿಗಳ ವಂಶವಾಹಿ ಅದೇ, ಬದಲಾದದ್ದು ಕುಡಿದ ಹಾಲು ಮಾತ್ರ. ಅವು ದೊಡ್ಡವಾದ ಮೇಲೆ ಗೆಡ್ಡೆ ಕಾಣಿಸಿಕೊಂಡದ್ದು ಬಹಳ ಕಡಿಮೆ. 1936ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು. ಬಿಟ್ನರ್ ಅದನ್ನು ವೈರಸ್ ಎನ್ನಲು ಹೋಗಲಿಲ್ಲ, ಹಾಲಿನಲ್ಲಿರುವ ಒಂದು ಅಂಶ ಎಂದಷ್ಟೇ ಕರೆದರು. ಕ್ಯಾನ್ಸರ್ ಸೋಂಕಿನಿಂದ ಬರಬಹುದು ಎಂದರೆ ಹುಬ್ಬೇರಿಸುತ್ತಿದ್ದ ಕಾಲ ಅದು. ಕೋಳಿಗಳಲ್ಲಿ ವೈರಸ್ಸಿನಿಂದ ಕ್ಯಾನ್ಸರ್ ಬರುತ್ತದೆಂದು 1911ರಲ್ಲೇ ತೋರಿಸಿಕೊಟ್ಟಿದ್ದ ಪೇಟನ್ ರೌಸ್ ಅವರಿಗೆ ನೊಬೆಲ್ ಸಿಕ್ಕಿದ್ದು 55 ವರ್ಷಗಳ ನಂತರ, 1966ರಲ್ಲಿ.

ಬಿಟ್ನರ್ ಕಂಡ ‘ಅಂಶ’ ನಿಜಕ್ಕೂ ವೈರಸ್ಸೇ. ಇವತ್ತು ಅದರ ಹೆಸರು ‘ಮೌಸ್ ಮ್ಯಾಮರಿ ಟ್ಯೂಮರ್ ವೈರಸ್’, ಚಿಕ್ಕದಾಗಿ ಎಂಎಂಟಿವಿ. ಎಚ್‌ಐವಿಯಂತೆ ಇದೂ ರೆಟ್ರೊವೈರಸ್ ಜಾತಿಗೆ ಸೇರಿದ್ದು. ತಾಯಿಯ ಹಾಲಿನ ಮೂಲಕ ಮರಿಯ ಕರುಳು ಸೇರುತ್ತದೆ. ಅಲ್ಲಿನ ರೋಗನಿರೋಧಕ ಕೋಶಗಳನ್ನು ಹೊಕ್ಕು, ಅವುಗಳ ಮೂಲಕವೇ ಸ್ತನಗ್ರಂಥಿಗೆ ಬಂದು ನೆಲೆಸುತ್ತದೆ. ಪ್ರೊಜೆಸ್ಟರಾನ್‌ನಂಥ ಹಾರ್ಮೋನುಗಳು ಏರಿದಾಗ ವೈರಸ್ ಚುರುಕಾಗುತ್ತದೆ, ಏಕೆಂದರೆ ಅದರ ವಂಶವಾಹಿಯಲ್ಲೇ ಹಾರ್ಮೋನಿನ ಕರೆಗೆ ಓಗೊಡುವ ಒಂದು ಭಾಗವಿದೆ. ಗರ್ಭ ಧರಿಸಿದಾಗ, ಹಾಲೂಡುವಾಗ ಅದು ಮತ್ತಷ್ಟು ಹೆಚ್ಚುತ್ತದೆ. ತನ್ನ ವಂಶವಾಹಿಯನ್ನು ಸ್ತನಕೋಶದ ಡಿಎನ್‌ಎಯೊಳಗೆ ಎಲ್ಲೆಂದರಲ್ಲಿ ತುರುಕುವುದು ಅದರ ಕೆಲಸ. ತುರುಕಿದ ಜಾಗದ ಪಕ್ಕದಲ್ಲಿ ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಜೀನ್ ಇದ್ದರೆ ಅದು ಎಚ್ಚೆತ್ತು, ಕೋಶ ಅಂಕೆ ಮೀರಿ ಬೆಳೆಯುತ್ತದೆ. ರೋಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ 1982ರಲ್ಲಿ ಇಲಿಗಳ ಗೆಡ್ಡೆಗಳಲ್ಲಿ ಇಂಥ ಮೊದಲ ಜೀನ್ ಗುರುತಿಸಿದರು. ಈಗ ಅದನ್ನು ‘ವಿಂಟ್-1’ ಎನ್ನುತ್ತಾರೆ. ಭ್ರೂಣದ ಬೆಳವಣಿಗೆಯಿಂದ ಹಿಡಿದು ಮನುಷ್ಯರ ಕರುಳಿನ ಕ್ಯಾನ್ಸರ್‌ವರೆಗೆ ಹಲವು ವಿಷಯಗಳ ಅರಿವಿಗೆ ಆ ಜೀನ್ ದಾರಿ ತೆರೆಯಿತು.

ಇಲಿಗಳ ಮಟ್ಟಿಗೆ, ಅಲ್ಲಿಗೆ ಸರಪಳಿಯ ಒಂದು ಕೊಂಡಿಯೂ ಕಳಚಿಲ್ಲ. ವೈರಸ್ ಯಾವುದು, ಹೇಗೆ ಬರುತ್ತದೆ, ಎಲ್ಲಿ ಕೂರುತ್ತದೆ, ಏನು ಕೆಡಿಸುತ್ತದೆ, ಅದನ್ನು ತಡೆದರೆ ರೋಗ ತಡೆಯುತ್ತದೆಯೇ, ಎಲ್ಲದಕ್ಕೂ ಉತ್ತರವಿದೆ. ಮನುಷ್ಯರ ವಿಷಯಕ್ಕೆ ಬಂದಾಗ ಇದೇ ಅಳತೆಗೋಲನ್ನು ಹಿಡಿಯಬೇಕು.

ನನಗೇ ಯಾಕೆ ಬಂತು?

2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, 6.7 ಲಕ್ಷ ಮಂದಿ ಅಸುನೀಗಿದರು. ಭಾರತದಲ್ಲಿ ಅದೇ ವರ್ಷದ ಅಂದಾಜು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಸಿಕೊಂಡು ಬಂದಿದೆ. ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ ಮಹಿಳೆಯರ ಮಟ್ಟಿಗೆ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು. ಈಗ ಸ್ತನ ಕ್ಯಾನ್ಸರ್ ಅದನ್ನು ಬಹಳ ಹಿಂದಕ್ಕೆ ಹಾಕಿದೆ.

ರೋಗ ಗೊತ್ತಾದ ಹೆಣ್ಣುಮಗಳು ಮೊದಲು ಕೇಳುವುದೇ ‘ನನಗೇ ಯಾಕೆ ಬಂತು’ ಎಂದು. ವೈದ್ಯರ ಬಳಿ ಒಂದು ಪಟ್ಟಿಯಿದೆ: ವಯಸ್ಸು, ಬೇಗ ಋತುಮತಿಯಾದದ್ದು, ತಡವಾಗಿ ಮುಟ್ಟು ನಿಂತದ್ದು, ಮಕ್ಕಳಾಗದಿರುವುದು ಅಥವಾ ಮೊದಲ ಹೆರಿಗೆ ತಡವಾದದ್ದು, ಬೊಜ್ಜು, ಮದ್ಯ. ಬಿಆರ್‌ಸಿಎ ಮುಂತಾದ ಜೀನ್‌ಗಳ ದೋಷ ವಂಶಪಾರಂಪರ್ಯವಾಗಿ ಬಂದು ರೋಗ ತರುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹೆಣ್ಣಾಗಿರುವುದು ಮತ್ತು ವಯಸ್ಸು, ಇವೆರಡನ್ನು ಬಿಟ್ಟರೆ ಬೆರಳಿಟ್ಟು ತೋರಿಸಬಹುದಾದ ಕಾರಣವೇ ಇರುವುದಿಲ್ಲ. ವಿವರಣೆ ಸಿಗದ ಈ ಅರ್ಧ ಪಾಲೇ ವಿಜ್ಞಾನಿಗಳನ್ನು ಮತ್ತೆ ಮತ್ತೆ ವೈರಸ್ಸಿನ ಕಡೆಗೆ ತಿರುಗುವಂತೆ ಮಾಡಿದ್ದು.

ಊಹೆ ಅಸಂಬದ್ಧವೇನಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ, ಯಕೃತ್ತಿನ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಮತ್ತು ಸಿ, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ನ ಕೆಲವು ಬಗೆಗಳಿಗೆ ಎಪ್‌ಸ್ಟೀನ್-ಬಾರ್ ವೈರಸ್ ಕಾರಣವೆಂದು ಸಾಬೀತಾಗಿದೆ. 2018ರ ಲೆಕ್ಕದಲ್ಲಿ ಜಗತ್ತಿನ ಶೇ 13ರಷ್ಟು ಕ್ಯಾನ್ಸರ್‌ಗಳ ಹಿಂದೆ ಒಂದಲ್ಲ ಒಂದು ಸೋಂಕಿತ್ತು. ಎದೆಹಾಲಿನ ಮೂಲಕ ಮಗುವಿಗೆ ದಾಟಿ, ದಶಕಗಳ ಬಳಿಕ ರಕ್ತದ ಕ್ಯಾನ್ಸರ್ ತರಬಲ್ಲ ಎಚ್‌ಟಿಎಲ್‌ವಿ-1 ಎಂಬ ರೆಟ್ರೊವೈರಸ್ ಕೂಡ ಮನುಷ್ಯರಲ್ಲಿದೆ. ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ ಅದು ಹೆಚ್ಚು. ಅಲ್ಲಿ 1987ರಿಂದ ಗರ್ಭಿಣಿಯರ ರಕ್ತ ಪರೀಕ್ಷೆ ಮಾಡಿ, ಸೋಂಕಿರುವ ತಾಯಂದಿರಿಗೆ ಎದೆಹಾಲಿನ ಬಗ್ಗೆ ಸಲಹೆ ಕೊಡುವ ಕಾರ್ಯಕ್ರಮವೇ ನಡೆದುಬಂದಿದೆ. ಒಂದೆಡೆ ನಡೆದದ್ದು ಇನ್ನೊಂದೆಡೆ ನಡೆದಿರಬಾರದೇಕೆ ಎಂಬುದು ನ್ಯಾಯವಾದ ಪ್ರಶ್ನೆ.

ಮುಂಬೈಯ ಹಾಲಿನ ಮಾದರಿಗಳು

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ದೇಶದಲ್ಲೇ ನಡೆಯಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಪೇಮಾಸ್ಟರ್ ಮತ್ತು ಪಿ. ಗಂಗಾಧರನ್ ಅವರು ಪಾರ್ಸಿ ಸಮುದಾಯದಲ್ಲಿ ಸ್ತನ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಿದೆ ಎಂದು 1970ರಲ್ಲಿ ವರದಿ ಮಾಡಿದ್ದರು. ಅತ್ತ ಅಮೆರಿಕದಲ್ಲಿ ಡ್ಯಾನ್ ಮೂರ್ ಎಂಬ ವಿಜ್ಞಾನಿ, ಇಲಿಯ ಹಾಲಿನಲ್ಲಿ ಕಾಣುವಂಥ ವೈರಸ್ ಕಣಗಳು ಮಹಿಳೆಯರ ಹಾಲಿನಲ್ಲೂ ಇವೆಯೇ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಿದ್ದರು. ಎರಡೂ ಕಡೆಯವರು ಕೈಜೋಡಿಸಿದರು. ಪಾರ್ಸಿ ತಾಯಂದಿರ ಹಾಲಿನ ಮಾದರಿಗಳು ಪರೀಕ್ಷೆಗೆ ಬಂದವು. 1971ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನದ ಲೇಖಕರ ಸಾಲಿನಲ್ಲಿ ಪೇಮಾಸ್ಟರ್, ಸತ್ಯವತಿ ಸಿರ್ಸಾಟ್, ಅಖಿಲ್ ವೈದ್ಯ ಅವರ ಹೆಸರುಗಳಿವೆ. ಇಲಿಯ ವೈರಸ್ಸನ್ನು ಹೋಲುವ ಕಣಗಳು ಪಾರ್ಸಿ ಮಹಿಳೆಯರ ಹಾಲಿನಲ್ಲೂ, ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದ ಅಮೆರಿಕದ ಮಹಿಳೆಯರ ಹಾಲಿನಲ್ಲೂ ಉಳಿದವರಿಗಿಂತ ಹೆಚ್ಚಾಗಿ ಕಂಡವು ಎಂಬುದು ಅದರ ತಿರುಳು.

ಕಾಲವೂ ಹದವಾಗಿತ್ತು. ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ಕಿಣ್ವ ರೆಟ್ರೊವೈರಸ್‌ಗಳಲ್ಲಿದೆ ಎಂದು ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ 1970ರಲ್ಲಿ ತೋರಿಸಿದ್ದರು. 1971ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದರು, ವೈರಸ್ ಸಂಶೋಧನೆಗೆ ಹಣ ಹರಿಯಿತು. 1972ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೋಲ್ ಸ್ಪೀಗಲ್‌ಮನ್ ತಂಡ, ಮನುಷ್ಯರ ಸ್ತನದ ಗೆಡ್ಡೆಗಳಲ್ಲಿ ಎಂಎಂಟಿವಿಯನ್ನು ಹೋಲುವ ಆರ್‌ಎನ್‌ಎ ಇದೆ ಎಂದಿತು. ಇನ್ನೇನು ವೈರಸ್ ಸಿಕ್ಕೇಬಿಟ್ಟಿತು ಎಂಬ ವಾತಾವರಣ.

ಸಿಗಲಿಲ್ಲ. ಹಾಲಿನ ಕಣಗಳನ್ನು ಬೇರೆಯವರು ಹುಡುಕಿದಾಗ ಕಾಯಿಲೆಯಿಲ್ಲದ ಮನೆತನಗಳವರಲ್ಲೂ ಕಂಡವು, ಕಾಯಿಲೆಯಿದ್ದವರಲ್ಲಿ ಕಾಣದೆಯೂ ಹೋದವು. ವೈರಸ್ಸಿನಂತೆ ಕಾಣುವುದೆಲ್ಲ ವೈರಸ್ ಅಲ್ಲ ಎಂಬುದು ಗೊತ್ತಾಯಿತು. ಪಾರ್ಸಿ ಸಮುದಾಯದಲ್ಲಿ ರೋಗ ಹೆಚ್ಚಿರುವುದಕ್ಕೆ ಬೇರೆ ಕಾರಣಗಳೂ ಕಣ್ಣೆದುರೇ ಇದ್ದವು. ತಡವಾದ ಮದುವೆ, ಕಡಿಮೆ ಮಕ್ಕಳು, ಮದುವೆಯಾಗದೆ ಉಳಿದವರ ಸಂಖ್ಯೆ, ದೀರ್ಘಾಯುಷ್ಯ, ಎಲ್ಲವೂ ಸ್ತನ ಕ್ಯಾನ್ಸರ್‌ನ ಸಾಧ್ಯತೆ ಹೆಚ್ಚಿಸುವಂಥವೇ.

ಇನ್ನೊಂದು ತೊಡಕು ನಮ್ಮ ಮೈಯೊಳಗೇ ಇತ್ತು. ಮನುಷ್ಯರ ಜೀನೋಮ್‌ನ ಶೇ 8ರಷ್ಟು ಭಾಗ ಪುರಾತನ ರೆಟ್ರೊವೈರಸ್‌ಗಳ ಅವಶೇಷ. ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರ ಅಂಡಾಣು, ವೀರ್ಯಾಣುಗಳನ್ನು ಹೊಕ್ಕು, ಅಲ್ಲೇ ಉಳಿದು, ಅಪ್ಪ ಅಮ್ಮಂದಿರಿಂದ ನಮಗೆ ಬಂದಿವೆ. ಅವುಗಳಲ್ಲಿ ‘ಎಚ್‌ಇಆರ್‌ವಿ-ಕೆ’ ಎಂಬ ಗುಂಪಿಗೂ ಎಂಎಂಟಿವಿಗೂ ಹೋಲಿಕೆಯಿದೆ. ಗೆಡ್ಡೆಯಲ್ಲಿ ಸಿಕ್ಕ ತುಣುಕು ಹೊರಗಿನಿಂದ ಬಂದ ವೈರಸ್ಸಿನದೋ, ನಾವೆಲ್ಲ ಹುಟ್ಟಿನಿಂದ ಹೊತ್ತುಕೊಂಡಿರುವ ಅವಶೇಷದ್ದೋ ಎಂದು ಬಿಡಿಸಿ ಹೇಳುವ ಸಾಧನ 1970ರ ದಶಕದಲ್ಲಿ ಇರಲಿಲ್ಲ.

660 ಅಕ್ಷರಗಳ ಸುಳಿವು

ಡಿಎನ್‌ಎ ತುಣುಕುಗಳನ್ನು ಹುಡುಕುವ ಪಿಸಿಆರ್ ತಂತ್ರ ಬಂದ ಮೇಲೆ ಹುಡುಕಾಟಕ್ಕೆ ಮರುಜೀವ ಬಂತು. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಶಾಲೆಯ ಬಿಯಾಟ್ರಿಸ್ ಪೊಗೊ, ಜೇಮ್ಸ್ ಹಾಲೆಂಡ್ ಮತ್ತು ಸಂಗಡಿಗರು ಎಂಎಂಟಿವಿಯ ಹೊರಕವಚದ ಜೀನ್‌ನಲ್ಲಿ ಮನುಷ್ಯರ ಅವಶೇಷಗಳಿಗೆ ಹೋಲದ 660 ಅಕ್ಷರಗಳ ಭಾಗವೊಂದನ್ನು ಆರಿಸಿಕೊಂಡರು. 1995ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕ್ಯಾನ್ಸರ್ ಲೋಕದ ಗಮನ ಸೆಳೆಯಿತು. 314 ಸ್ತನ ಕ್ಯಾನ್ಸರ್ ಮಾದರಿಗಳಲ್ಲಿ 121ರಲ್ಲಿ, ಅಂದರೆ ಶೇ 38.5ರಲ್ಲಿ ಆ ತುಣುಕಿತ್ತು. ಕ್ಯಾನ್ಸರ್ ಇಲ್ಲದ 107 ಸ್ತನ ಮಾದರಿಗಳಲ್ಲಿ ಕಂಡದ್ದು ಎರಡರಲ್ಲಿ ಮಾತ್ರ. ಮುಂದೆ ಸಿಡ್ನಿಯ ಜೇಮ್ಸ್ ಲಾಸನ್ ಅವರ ತಂಡವೂ ಇಂಥ ತುಣುಕುಗಳನ್ನು ಕಂಡಿತು. ಮೊದಲು ಅಪಾಯವಿಲ್ಲದ ಗಂಟಿಗಾಗಿ ಬಯಾಪ್ಸಿ ಮಾಡಿಸಿಕೊಂಡು, ವರ್ಷಗಳ ನಂತರ ಕ್ಯಾನ್ಸರ್ ಬಂದ ಕೆಲವು ಮಹಿಳೆಯರ ಹಳೆಯ ಮಾದರಿಯಲ್ಲೂ ಅದು ಇತ್ತೆಂದು 2017ರಲ್ಲಿ ಆ ಗುಂಪು ವರದಿ ಮಾಡಿತು. ಅದೇ ಹೊತ್ತಿಗೆ ಬೇರೆ ದೇಶಗಳ ಹಲವು ಪ್ರಯೋಗಾಲಯಗಳು ಅದೇ ವಿಧಾನದಲ್ಲಿ ಹುಡುಕಿ, ಒಂದೇ ಒಂದು ಮಾದರಿಯಲ್ಲೂ ಸಿಗಲಿಲ್ಲ ಎಂದವು.

ಒಂದೇ ಪ್ರಶ್ನೆಗೆ ಇಷ್ಟು ವಿರುದ್ಧವಾದ ಉತ್ತರ ಯಾಕೆ? ಪಿಸಿಆರ್‌ನ ಶಕ್ತಿಯಲ್ಲೇ ಅದರ ಅಪಾಯವೂ ಇದೆ. ಬೇಕಾದ ತುಣುಕನ್ನು ಎರಡು, ನಾಲ್ಕು, ಎಂಟು ಎಂದು ಕೋಟಿಗಟ್ಟಲೆ ಮಾಡುವ ತಂತ್ರ ಅದು. ಇಲಿಯ ಡಿಎನ್‌ಎಯ ಕಣವೊಂದು ಕೊಳವೆಯೊಳಗೆ ಬಿದ್ದಿದ್ದರೂ ಸಾಕು, ಅದೂ ಕೋಟಿಯಾಗಿ ಬೆಳೆದು ‘ವೈರಸ್ ಸಿಕ್ಕಿತು’ ಎಂಬ ಫಲಿತಾಂಶ ಬರುತ್ತದೆ. ಇಲಿಯ ಡಿಎನ್‌ಎ ಪ್ರಯೋಗಾಲಯದಲ್ಲಿ ಎಲ್ಲಿಲ್ಲ ಹೇಳಿ? ಪಕ್ಕದ ಕೋಣೆಯಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆದಿರುತ್ತದೆ. ಬಳಸುವ ಎಷ್ಟೋ ಪ್ರತಿಕಾಯಗಳು ಇಲಿಯ ಕೋಶಗಳಿಂದಲೇ ತಯಾರಾದವು. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಪಿಸಿಆರ್ ಕಿಟ್‌ಗಳಲ್ಲೇ ಇಲಿಯ ಡಿಎನ್‌ಎ ಬೆರೆತಿದ್ದುದು 2010ರ ಸುಮಾರಿಗೆ ಬಯಲಾಯಿತು.

ಇದು ಬರೀ ಶಂಕೆಯಲ್ಲ. 2006ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮಾದರಿಗಳಲ್ಲಿ ‘ಎಕ್ಸ್‌ಎಂಆರ್‌ವಿ’ ಎಂಬ ಹೊಸ ರೆಟ್ರೊವೈರಸ್ ಸಿಕ್ಕಿತೆಂದು ಸುದ್ದಿಯಾಯಿತು. 2009ರಲ್ಲಿ ದೀರ್ಘಕಾಲದ ಆಯಾಸದ ರೋಗಕ್ಕೂ ಅದೇ ಕಾರಣವಿರಬಹುದು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನೊಂದ ರೋಗಿಗಳಲ್ಲಿ ಕೆಲವರು ಎಚ್‌ಐವಿಗೆ ಕೊಡುವ ಔಷಧಿಗಳನ್ನು ನುಂಗಲು ಶುರು ಮಾಡಿದರು. 2011ರಲ್ಲಿ ಸತ್ಯ ಹೊರಬಿತ್ತು: 1990ರ ದಶಕದಲ್ಲಿ ಮನುಷ್ಯರ ಗೆಡ್ಡೆಯ ಕೋಶಗಳನ್ನು ಪ್ರಯೋಗದ ಇಲಿಗಳಲ್ಲಿ ಬೆಳೆಸುವಾಗ, ಇಲಿಯ ಎರಡು ವೈರಸ್ ತುಂಡುಗಳು ಕೂಡಿಕೊಂಡು ಹುಟ್ಟಿದ ವೈರಸ್ ಅದು. ಅಲ್ಲಿಂದ ಮಾದರಿಗಳಿಗೆ ಹರಡಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ‘ಸೈನ್ಸ್’ ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ಆ ಔಷಧಿ ನುಂಗಿದವರನ್ನು ನೆನೆದಾಗ, ಅವಸರದ ವಿಜ್ಞಾನದ ಬೆಲೆ ತೆರುವವರು ರೋಗಿಗಳು ಎಂಬುದು ಮನಸ್ಸಿಗೆ ನಾಟುತ್ತದೆ.

ಹಸುವಿನ ವೈರಸ್, ಹಾಲಿನ ಭಯ

ಇತ್ತೀಚೆಗೆ ಹೆಚ್ಚು ಚರ್ಚೆಯಾದದ್ದು ಹಸುಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಬೋವೈನ್ ಲ್ಯುಕೀಮಿಯಾ ವೈರಸ್, ಅಂದರೆ ಬಿಎಲ್‌ವಿ. ಸೋಂಕು ತಗಲಿದ ಹಸುಗಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತವೆ, ಲಿಂಫೋಮಾ ಬರುವುದು ಕೆಲವಕ್ಕೆ ಮಾತ್ರ. ಅಮೆರಿಕದಲ್ಲಿ 2007ರ ಸರ್ಕಾರಿ ಸಮೀಕ್ಷೆಯಲ್ಲಿ ಶೇ 84ರಷ್ಟು ಹೈನು ಫಾರ್ಮ್‌ಗಳಲ್ಲಿ ಈ ಸೋಂಕಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗರ್ಟ್ರೂಡ್ ಬ್ಯೂರಿಂಗ್ 2015ರಲ್ಲಿ 239 ಮಹಿಳೆಯರ ಸ್ತನ ಅಂಗಾಂಶ ಪರೀಕ್ಷಿಸಿದರು. ಕ್ಯಾನ್ಸರ್ ಇದ್ದವರಲ್ಲಿ ಶೇ 59 ಮಂದಿಯಲ್ಲಿ, ಇಲ್ಲದವರಲ್ಲಿ ಶೇ 29 ಮಂದಿಯಲ್ಲಿ ಬಿಎಲ್‌ವಿಯ ಡಿಎನ್‌ಎ ಕಂಡಿತು. ‘ಹಾಲಿನಿಂದ ಕ್ಯಾನ್ಸರ್’ ಎಂಬ ತಲೆಬರಹಗಳು ಹುಟ್ಟಲು ಇಷ್ಟು ಸಾಕಾಯಿತು.

ಮರುವರ್ಷವೇ ಬಂದ ಎರಡು ವರದಿಗಳಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಚೀನಾದ ಅಧ್ಯಯನದಲ್ಲಿ ಬಿಎಲ್‌ವಿ ಕಾಣಲೇ ಇಲ್ಲ. ಬೆಲ್ಜಿಯಂನ ವಿಜ್ಞಾನಿಗಳು 51 ಸ್ತನ ಕ್ಯಾನ್ಸರ್‌ಗಳ ಇಡೀ ಜೀನೋಮ್ ದತ್ತಾಂಶವನ್ನು ಜಾಲಾಡಿದರೂ ಬಿಎಲ್‌ವಿಯ ಗುರುತು ಸಿಗಲಿಲ್ಲ. ಅದಕ್ಕಿಂತ ತೂಕದ ಸಾಕ್ಷ್ಯ ಬೇರೆಯೇ ಇದೆ. ಡೆನ್ಮಾರ್ಕ್‌ನಂಥ ದೇಶಗಳು ತಮ್ಮ ಹಿಂಡುಗಳಿಂದ ಈ ವೈರಸ್ಸನ್ನು ದಶಕಗಳ ಹಿಂದೆಯೇ ತೊಲಗಿಸಿವೆ. ಆದರೂ ಸ್ತನ ಕ್ಯಾನ್ಸರ್ ಪ್ರಮಾಣದಲ್ಲಿ ಡೆನ್ಮಾರ್ಕ್ ಇವತ್ತಿಗೂ ಜಗತ್ತಿನ ಮುಂಚೂಣಿಯಲ್ಲಿದೆ. ಈ ವೈರಸ್ಸೇ ದೊಡ್ಡ ಕಾರಣವಾಗಿದ್ದರೆ ಅಲ್ಲಿ ಇಳಿಮುಖ ಕಾಣಬೇಕಿತ್ತು. ಪ್ಯಾಶ್ಚರೀಕರಣದ ಶಾಖಕ್ಕೆ ಬಿಎಲ್‌ವಿ ಉಳಿಯುವುದಿಲ್ಲ ಎಂಬುದೂ ಖಚಿತ. ಪ್ಯಾಕೆಟ್ ಹಾಲನ್ನೂ ಕಾಯಿಸಿಯೇ ಕುಡಿಯುವ ನಮ್ಮ ಮನೆಗಳಲ್ಲಿ ಈ ಭಯಕ್ಕೆ ಜಾಗವೇ ಇಲ್ಲ.

ಎಪ್‌ಸ್ಟೀನ್-ಬಾರ್ ವೈರಸ್ ಮತ್ತು ಎಚ್‌ಪಿವಿಗಳ ಕಥೆಯೂ ಹೀಗೆಯೇ. ಕೆಲವು ಅಧ್ಯಯನಗಳಲ್ಲಿ ಸಿಗುತ್ತವೆ, ಕೆಲವದರಲ್ಲಿ ಇಲ್ಲ. ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯ ಬಿಳಿ ರಕ್ತಕಣಗಳಲ್ಲಿ ಎಪ್‌ಸ್ಟೀನ್-ಬಾರ್ ಜೀವಮಾನವಿಡೀ ಅಡಗಿರುತ್ತದೆ. ಗೆಡ್ಡೆಯೊಳಗೆ ಆ ಬಿಳಿ ಕಣಗಳು ನುಗ್ಗಿದ್ದರೆ ವೈರಸ್ ಸಿಗುವುದು ಸಹಜ. ಕ್ಯಾನ್ಸರ್ ಕೋಶದೊಳಗೇ ಸಿಕ್ಕಿತೇ ಎಂಬುದು ಮುಖ್ಯ.

ರುಜುವಾತು ಎಂದರೆ ಏನು?

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಟೊಂಗೆ ಮುರಿದಾಗ ಕಾಗೆ ಅಲ್ಲಿತ್ತು ಎಂಬುದು ಸುಳ್ಳಲ್ಲ. ಮುರಿದದ್ದು ಕಾಗೆಯಿಂದಲೇ ಎನ್ನಲು ಇನ್ನಷ್ಟು ಬೇಕು. ಆ ಇನ್ನಷ್ಟು ಏನೆಂದು ಗರ್ಭಕಂಠದ ಕ್ಯಾನ್ಸರ್ ತೋರಿಸಿಕೊಟ್ಟಿದೆ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ 1980ರ ದಶಕದ ಆರಂಭದಲ್ಲಿ ಆ ಗೆಡ್ಡೆಗಳಲ್ಲಿ ಎಚ್‌ಪಿವಿ 16 ಮತ್ತು 18 ಕಂಡುಹಿಡಿದರು. ಅಷ್ಟಕ್ಕೇ ಮಾತು ಮುಗಿಯಲಿಲ್ಲ. 1999ರ ಹೊತ್ತಿಗೆ ಜಗತ್ತಿನ ಎಲ್ಲೆಡೆಯ ಮಾದರಿಗಳಲ್ಲಿ ಶೇ 99.7ರಲ್ಲಿ ವೈರಸ್ ಸಿಕ್ಕಿತ್ತು. ಅದರ ಎರಡು ಜೀನ್‌ಗಳು ಕ್ಯಾನ್ಸರ್ ಕೋಶದಲ್ಲಿ ಸದಾ ಎಚ್ಚರವಾಗಿದ್ದು, ಕೋಶದ ಕಾವಲು ಪ್ರೋಟೀನ್‌ಗಳನ್ನು ಕೆಡಿಸುತ್ತವೆ ಎಂದು ಗೊತ್ತಾಯಿತು. ಸೋಂಕು ಮೊದಲು, ರೋಗ ಆಮೇಲೆ ಎಂಬುದು ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ್ದರಿಂದ ಖಾತ್ರಿಯಾಯಿತು. ಕೊನೆಗೆ ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಕ್ಯಾನ್ಸರ್ ಇಳಿಯಿತು.

ಸ್ತನ ಕ್ಯಾನ್ಸರ್ ವಿಷಯದಲ್ಲಿ ಈ ಮೆಟ್ಟಿಲುಗಳಲ್ಲಿ ಒಂದನ್ನೂ ಯಾವ ವೈರಸ್ಸೂ ಭದ್ರವಾಗಿ ಹತ್ತಿಲ್ಲ. 2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು 38 ಬಗೆಯ 2,658 ಕ್ಯಾನ್ಸರ್‌ಗಳ ಪೂರ್ಣ ಜೀನೋಮ್‌ಗಳಲ್ಲಿ ವೈರಸ್‌ಗಳನ್ನು ಅರಸಿತು. ಗರ್ಭಕಂಠ, ಯಕೃತ್ತಿನಂಥ ಕಡೆ ನಿರೀಕ್ಷಿಸಿದ ವೈರಸ್‌ಗಳು ನಿಚ್ಚಳವಾಗಿ ಸಿಕ್ಕವು. ಸ್ತನ ಕ್ಯಾನ್ಸರ್‌ನಲ್ಲಿ ಹಾಗೆ ಎದ್ದು ಕಾಣುವ ವೈರಸ್ ಇರಲಿಲ್ಲ.

ಹಾಲಿನ ಮೂಲಕ ಬರುವುದಾದರೆ, ಎದೆಹಾಲು ಕುಡಿದು ಬೆಳೆದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರಬೇಕಿತ್ತು. ಹಲವು ಅಧ್ಯಯನಗಳು ನೋಡಿವೆ, ಹಾಗಿಲ್ಲ. ರೋಗನಿರೋಧಕ ಶಕ್ತಿ ಕುಂದಿದಾಗ ವೈರಸ್ ತರುವ ಕ್ಯಾನ್ಸರ್‌ಗಳು ಏರುತ್ತವೆ ಎಂಬುದು ಇನ್ನೊಂದು ಒರೆಗಲ್ಲು. 4.4 ಲಕ್ಷ ಎಚ್‌ಐವಿ ಸೋಂಕಿತರು ಮತ್ತು ಅಂಗ ಕಸಿ ಮಾಡಿಸಿಕೊಂಡ ಸುಮಾರು 32 ಸಾವಿರ ಮಂದಿಯ ಲೆಕ್ಕವನ್ನು 2007ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಎರಡೂ ಗುಂಪುಗಳಲ್ಲಿ ಕಪೋಸಿ ಸಾರ್ಕೋಮಾ, ಲಿಂಫೋಮಾ, ಗರ್ಭಕಂಠದ ಕ್ಯಾನ್ಸರ್ ಏರಿದ್ದವು, ಸ್ತನ ಕ್ಯಾನ್ಸರ್ ಏರಿರಲಿಲ್ಲ. ಇದಕ್ಕೂ ಒಂದು ಮರುಮಾತಿದೆ. ಇಲಿಯಲ್ಲಿ ಎಂಎಂಟಿವಿ ಸ್ತನದವರೆಗೆ ಸಾಗಲು ಚುರುಕಾದ ರೋಗನಿರೋಧಕ ಕೋಶಗಳೇ ಬೇಕು. ಅಂಥ ವೈರಸ್ ಮನುಷ್ಯರಲ್ಲಿದ್ದರೆ ಈ ಪರೀಕ್ಷೆಯಿಂದ ತಪ್ಪಿಸಿಕೊಂಡೀತು.

ಹುಡುಕಾಟ ಯಾಕೆ ನಿಲ್ಲಬಾರದು

ಹಾಗಾದರೆ ಕಡತ ಮುಚ್ಚಿಬಿಡೋಣವೇ? ಬೇಡ ಎನ್ನಲು ಗಟ್ಟಿ ಕಾರಣಗಳಿವೆ. ವೈರಸ್ ಬಂದು, ಡಿಎನ್‌ಎಗೆ ಹಾನಿ ಮಾಡಿ, ಗುರುತು ಉಳಿಸದೆ ಹೋಗುವುದೂ ಸಾಧ್ಯ. ಇದನ್ನು ‘ಹಿಟ್ ಅಂಡ್ ರನ್’ ವಾದ ಎನ್ನುತ್ತಾರೆ. ಇದರ ಜೊತೆಗೇ ಓದಬೇಕಾದ ಸಂಗತಿಯೊಂದಿದೆ. ವೈರಸ್‌ಗಳ ವಿರುದ್ಧ ಹೋರಾಡಲು ನಮ್ಮ ಕೋಶಗಳಲ್ಲಿ ‘ಅಪೊಬೆಕ್’ ಎಂಬ ಕಿಣ್ವಗಳಿವೆ. ವೈರಸ್ಸಿನ ವಂಶವಾಹಿಯ ಅಕ್ಷರ ಬದಲಿಸಿ ಕೆಡಿಸುವುದು ಅವುಗಳ ಕೆಲಸ. ಅವು ತಮ್ಮದೇ ಕೋಶದ ಡಿಎನ್‌ಎ ಮೇಲೆ ತಿರುಗಿಬಿದ್ದ ಗುರುತುಗಳು ಎಷ್ಟೋ ಸ್ತನ ಕ್ಯಾನ್ಸರ್‌ಗಳಲ್ಲಿ ಇವೆಯೆಂದು 2012, 2013ರ ಸಂಶೋಧನೆಗಳು ತೋರಿಸಿವೆ. ಅವು ಎಚ್ಚೆತ್ತದ್ದು ವೈರಸ್ಸಿನಿಂದಲೋ, ಕೋಶದ ಒಳಗಿನದೇ ಏರುಪೇರಿನಿಂದಲೋ? ಗುರುತು ಎರಡಕ್ಕೂ ಒಂದೇ ತೆರನಾಗಿರುವುದರಿಂದ ಬರೀ ಅದನ್ನು ನೋಡಿ ತೀರ್ಪು ಕೊಡಲಾಗದು. ಆದರೆ ಅಲ್ಲಿ ಕೇಳಬೇಕಾದ ಪ್ರಶ್ನೆಯಿದೆ.

ವೈರಸ್ ಸಿಕ್ಕರೆ ಆಗುವ ಫಲವೂ ದೊಡ್ಡದು. ತೈವಾನ್ 1984ರಲ್ಲಿ ಹೆಪಟೈಟಿಸ್ ಬಿ ಲಸಿಕೆ ಆರಂಭಿಸಿದ ಮೇಲೆ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿಯಿತು. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದಕ್ಕೆ ವೈರಸ್ ಕಾರಣವೆಂದು ಸಾಬೀತಾದರೂ, ಲಸಿಕೆಯಿಂದ ಪ್ರತಿವರ್ಷ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಉಳಿಸುವ ದಾರಿ ತೆರೆದೀತು. ಅದಕ್ಕೆ ಬೇಕಾದ್ದು ಇನ್ನಷ್ಟು ಚದುರಿದ ಪಿಸಿಆರ್ ವರದಿಗಳಲ್ಲ. ಆರೋಗ್ಯವಂತ ಮಹಿಳೆಯರ ಮಾದರಿಗಳನ್ನು ಇವತ್ತೇ ಸಂಗ್ರಹಿಸಿಟ್ಟು, ಇಪ್ಪತ್ತು ಮೂವತ್ತು ವರ್ಷ ಅವರ ಆರೋಗ್ಯ ಗಮನಿಸಬೇಕು. ಯಾವ ಮಾದರಿ ಯಾರದೆಂದು ತಿಳಿಯದಂತೆ ಮುಚ್ಚಿಟ್ಟು ಹಲವು ಪ್ರಯೋಗಾಲಯಗಳು ಏಕಕಾಲಕ್ಕೆ ಪರೀಕ್ಷಿಸಬೇಕು. ಪ್ರತಿ ಮಾದರಿಯಲ್ಲೂ ಇಲಿಯ ಡಿಎನ್‌ಎ ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಿಗಲಿಲ್ಲ ಎಂಬ ಫಲಿತಾಂಶವನ್ನೂ ಸಿಕ್ಕಿತು ಎಂಬಷ್ಟೇ ಗೌರವದಿಂದ ಪ್ರಕಟಿಸಬೇಕು. ಭಾರತದ ಮಹಿಳೆಯರು ಇಂಥ ಅಧ್ಯಯನಗಳ ಹೊರಗೆ ಉಳಿಯಬಾರದು.

ಇವತ್ತು ಮಾಡಬೇಕಾದ್ದು

ಉತ್ತರ ಬರುವ ತನಕ ಊಹೆಯನ್ನು ಭಯವಾಗಿ ಮಾರುವವರ ಬಗ್ಗೆ ಎಚ್ಚರವಿರಲಿ. ವೈರಸ್ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮಲ್ಲಿ ತಟ್ಟೆ ಲೋಟ ಬೇರೆಯಾಗಲು ಹೊತ್ತು ಬೇಕಿಲ್ಲ. ಕ್ಯಾನ್ಸರ್ ಬಂದ ಹೆಣ್ಣನ್ನು ಅಡುಗೆಮನೆಯಿಂದ, ಮೊಮ್ಮಗುವಿನಿಂದ ದೂರವಿಡುವ ಮನೆಗಳು ಇವತ್ತಿಗೂ ಇವೆ. ಸ್ತನ ಕ್ಯಾನ್ಸರ್ ಅಂಟುರೋಗವಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಮನೆತನದಲ್ಲಿ ಕ್ಯಾನ್ಸರ್ ಇದೆಯೆಂದು ಬಾಣಂತಿ ಮಗುವಿಗೆ ಹಾಲೂಡುವುದನ್ನು ನಿಲ್ಲಿಸಬೇಕಾಗಿಲ್ಲ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ‘ಲ್ಯಾನ್ಸೆಟ್’ ವಿಶ್ಲೇಷಣೆಯ ಪ್ರಕಾರ, ಹಾಲೂಡಿದ ಪ್ರತಿ ಹನ್ನೆರಡು ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರ್ ಸಾಧ್ಯತೆ ಶೇ 4.3ರಷ್ಟು ಇಳಿಯುತ್ತದೆ.

ಕಾರಣ ಗೊತ್ತಿಲ್ಲದಿದ್ದರೂ ಜೀವ ಉಳಿಸಬಹುದು ಎಂಬುದಕ್ಕೆ ಮುಂಬೈಯಲ್ಲೇ ಪುರಾವೆ ಇದೆ. ಟಾಟಾ ಸ್ಮಾರಕ ಆಸ್ಪತ್ರೆಯವರು 35ರಿಂದ 64 ವರ್ಷದ 1,51,538 ಮಹಿಳೆಯರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ಗಮನಿಸಿದರು. ಒಂದು ಗುಂಪಿನವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. ಯಂತ್ರವಿಲ್ಲ, ಮ್ಯಾಮೊಗ್ರಾಂ ಇಲ್ಲ. ಆ ಗುಂಪಿನಲ್ಲಿ ರೋಗ ಇನ್ನೂ ಆರಂಭದ ಹಂತದಲ್ಲಿರುವಾಗಲೇ ಸಿಕ್ಕಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ 30ರ ಹತ್ತಿರ ಇಳಿಯಿತು. ಐವತ್ತರೊಳಗಿನವರಲ್ಲಿ ಆ ಮಟ್ಟದ ಇಳಿಕೆ ಕಾಣಲಿಲ್ಲ ಎಂಬುದನ್ನೂ 2021ರ ಆ ವರದಿ ಮುಚ್ಚಿಡದೆ ಹೇಳಿದೆ.

ಮೂವತ್ತು ದಾಟಿದ ಮಹಿಳೆಯರಿಗೆ ಇದೇ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಹೋಗಿ ಕೇಳಿ ಮಾಡಿಸಿಕೊಳ್ಳಿ, ಅಲ್ಲಿ ಮಾಡದಿದ್ದರೆ ಯಾಕೆಂದು ಪ್ರಶ್ನಿಸಿ. ಸ್ತನದಲ್ಲಿ ನೋವಿಲ್ಲದ ಗಂಟು, ಒಳಗೆ ಸೆಳೆದುಕೊಂಡ ತೊಟ್ಟು, ಚರ್ಮದ ಮೇಲೆ ಕುಳಿ, ತೊಟ್ಟಿನಿಂದ ರಕ್ತ, ಇವುಗಳಲ್ಲಿ ಒಂದು ಕಂಡರೂ ವಾರದೊಳಗೆ ವೈದ್ಯರ ಬಳಿ ಹೋಗಿ. ನೋವಿಲ್ಲವಲ್ಲ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದೇ ನಮ್ಮ ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಅಪಾಯ. ಸ್ತನ ಕ್ಯಾನ್ಸರ್‌ನ ಹಿಂದೆ ವೈರಸ್ ಇದೆಯೋ ಇಲ್ಲವೋ ಎಂಬುದು ವಿಜ್ಞಾನಿಗಳು ತಾಳ್ಮೆಯಿಂದ ಬಿಡಿಸಬೇಕಾದ ಪ್ರಶ್ನೆ. ಗಂಟು ಸಿಕ್ಕಾಗ ತಡಮಾಡಬಾರದು ಎಂಬ ಉತ್ತರ ಮಾತ್ರ ಈಗಾಗಲೇ ನಮ್ಮ ಕೈಯಲ್ಲಿದೆ.